ಕ್ಯಾಂಟೀನಿನಲ್ಲಿ ಕೇಳದ ದನಿ

ತಂಗಿಯದು ಹಲ್ಲು ಮಾಡುವ ಕೆಲಸ. ದಂತವೈದ್ಯರು ಕಳಿಸಿದ ಅಚ್ಚುಗಳಿಗೆ ಪ್ಲಾಸ್ಟರ್ ಸುರಿದು, ಒಸಡು ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ ನುಣುಪು ಮಾಡಿ ಡಬ್ಬಿಯಲ್ಲಿಟ್ಟು ಕಳಿಸುವ ಸಣ್ಣ ಲ್ಯಾಬ್ ಒಂದರಲ್ಲಿ ಹನ್ನೊಂದು ವರ್ಷದಿಂದ ಇದ್ದಳು. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಬಾಯಿ ಮುಚ್ಚಿದಾಗ ಕಟ್ಟೆಂದು ತಾಗುತ್ತದೆ. ಹಾಗೆ ತಾಗದಂತೆ ನೋಡಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ಮನೆಗೆ ಬಂದರೆ ಅದೇ ತಾಳ್ಮೆಯೆಲ್ಲ ಹಾಡಿನ ಮೇಲೆ. ಮಲಗುವ ಕೋಣೆಯ ಮೂಲೆಯಲ್ಲಿ ಮೇಜು, ಅದರ ಮೇಲೆ ಹಳೆಯ ಕಂಪ್ಯೂಟರ್, ಎರಡು ಪುಟ್ಟ ಸ್ಪೀಕರ್, ಒಂದು ಮೈಕು. ದನಿ ಗೋಡೆಗೆ ಬಡಿದು ವಾಪಸು ಬರದಿರಲೆಂದು ಸುತ್ತ ಹಗ್ಗ ಕಟ್ಟಿ ದಪ್ಪ ಹೊದಿಕೆಗಳನ್ನು ನೇತುಹಾಕಿದ್ದಳು. ಅಕ್ಕನ ಗಂಡ ಅದನ್ನು ನೋಡಿದಾಗಲೆಲ್ಲ, "ಏನಮ್ಮ ಸೌಂಡಮ್ಮ, ಇವತ್ತೂ ಬಟ್ಟೆ ಒಣಗಿಲ್ವಾ?" ಎನ್ನುತ್ತಿದ್ದ.

ಹಾಡುವವಳು ಮಾತ್ರ ಅಕ್ಕ. ಅದು ಚಿಕ್ಕಂದಿನಿಂದ ತೀರ್ಮಾನವಾಗಿದ್ದ ಸಂಗತಿ. ಯಾರು ತೀರ್ಮಾನಿಸಿದರೆಂದು ಯಾರೂ ಕೇಳಿರಲಿಲ್ಲ. ಬಂಧುಗಳು ಬಂದರೆ "ದೊಡ್ಡವಳೇ, ಒಂದು ಹಾಡು ಹೇಳು" ಎನ್ನುವರು. ಚಿಕ್ಕವಳು ತಟ್ಟೆ ಲೋಟ ಎತ್ತುವಳು. ದೊಡ್ಡವಳಾದ ಮೇಲೆ ಅಕ್ಕ ಆಸ್ಪತ್ರೆಯ ಲಾಂಡ್ರಿಗೆ ಸೇರಿದಳು. ದಿನವಿಡೀ ಆವಿ, ಬ್ಲೀಚಿನ ಘಾಟು. ಸಂಜೆಯ ಹೊತ್ತಿಗೆ ಗಂಟಲು ಉಪ್ಪುಕಾಗದವಾಗಿರುತ್ತಿತ್ತು. ಭಾನುವಾರ ಮಾತ್ರ ಹಳೆಯ ದನಿ ಮರಳುತ್ತಿತ್ತು; ಆ ದಿನ ಅವಳು ತಂಗಿಯ ಮನೆಗೆ ಬಂದು ಹೊದಿಕೆಗಳ ನಡುವೆ ನಿಂತು ಹಾಡುತ್ತಿದ್ದಳು, ತಂಗಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಇಬ್ಬರಿಗೂ ಅದು ವಾರಕ್ಕೊಂದು ಸಲದ ಸುಖ.

ಆ ವರ್ಷ ಲಾಂಡ್ರಿಯ ಮುಖ್ಯಸ್ಥೆ ನಿವೃತ್ತಳಾಗುವುದಿತ್ತು. ಎಲ್ಲರೂ ಅವಳನ್ನು ಹಿರಿಯಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತನಾಲ್ಕು ವರ್ಷ ಹಾಸಿಗೆಯ ಬಟ್ಟೆ ಎಣಿಸಿದವಳು. ಅಕ್ಕನಿಗೆ ಕೆಲಸ ಕಲಿಸಿದವಳು, ಬಾಣಂತಿಯಾಗಿದ್ದಾಗ ಅವಳ ಪಾಳಿಯನ್ನು ಸದ್ದಿಲ್ಲದೆ ತಾನೇ ಮಾಡಿದವಳು. ಅವಳಿಗಾಗಿ ಅಕ್ಕ ತಾನೇ ಒಂದು ಹಾಡು ಕಟ್ಟಿದಳು.

"ಬೀಳ್ಕೊಡುಗೆ ಶುಕ್ರವಾರ ಮಧ್ಯಾಹ್ನ ಕಣೇ," ಎಂದಳು ಅಕ್ಕ. "ಶುಕ್ರವಾರ ಅಂದ್ರೆ ನನ್ನ ಗಂಟಲು ಕಾಗೆಗೂ ಬೇಡ. ನೀನು ರೆಕಾರ್ಡ್ ಮಾಡಿಕೊಡು. ಕ್ಯಾಂಟೀನಲ್ಲಿ ಹಾಕಿಸ್ತೀನಿ. ಆಮೇಲೆ ಎಲ್ಲರ ಫೋನಿಗೂ ಕಳಿಸಬಹುದು."

"ಅಷ್ಟೇ ತಾನೆ? ಆಸ್ಪತ್ರೆಯೆಲ್ಲ ಎದ್ದು ಕೂರೋ ಹಾಗೆ ಮಾಡ್ತೀನಿ."

"ಅಯ್ಯೋ ಬೇಡ. ಐಸಿಯುನಲ್ಲಿರೋರು ಮಲಗಿರಲಿ," ಎಂದು ಅಕ್ಕ ನಕ್ಕಳು.

ಕಂಪ್ಯೂಟರಿನಲ್ಲೇ ವಾದ್ಯಗಳನ್ನು ಜೋಡಿಸಿಕೊಂಡು ಎರಡು ಭಾನುವಾರ ಹಾಡಿಸಿದ್ದಾಯಿತು. ಅಕ್ಕ ಹೋದ ಮೇಲೆ ತಂಗಿ ಹೆಡ್‌ಫೋನ್ ಹಾಕಿ ಕೂತಳು. ಮೊದಲ ಚರಣ ಬೆಣ್ಣೆಯ ಹಾಗಿತ್ತು. ಎರಡನೆಯದರಲ್ಲಿ, "ಮಡಿಸಿಟ್ಟ ಬಿಳುಪಿನಲಿ ನಿನ್ನ ಬೆರಳ ಗುರುತು" ಎನ್ನುವ ಸಾಲಿನಲ್ಲಿ, ದನಿ ಸಣ್ಣಗೆ ಇಳಿದಿತ್ತು. ಯಾರೋ ಬೆನ್ನ ಮೇಲೆ ಭಾರ ಇಟ್ಟಹಾಗೆ. ಎರಡು ಭಾನುವಾರದ ಏಳು ಪ್ರತಿಗಳಲ್ಲೂ ಅದೇ ಜಾಗದಲ್ಲಿ ಅದೇ ಇಳಿತ. ಅದೂ ಅಲ್ಲದೆ ಒಟ್ಟು ದನಿಯೇ ಮೊದಲಿಗಿಂತ ತೆಳುವಾಗಿತ್ತು. ವರ್ಷಗಟ್ಟಲೆ ಆವಿ ಕುಡಿದ ಗಂಟಲು, ಇನ್ನೇನಾದೀತು?

ಹೇಳಬೇಕಿತ್ತು. ಫೋನು ಎತ್ತಿಕೊಂಡಳು ಕೂಡ. ಆದರೆ ಅಕ್ಕನಿಗೆ "ನಿನ್ನ ಶ್ರುತಿ ಇಳಿದಿದೆ" ಎಂದು ಹೇಳಿದವರು ಈವರೆಗೆ ಆ ಮನೆತನದಲ್ಲೇ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ತಂಗಿ ತನ್ನದೇ ದಾರಿ ಹುಡುಕಿದಳು. ಅಕ್ಕನ ದನಿಯನ್ನು ಎರಡು ಪ್ರತಿ ಮಾಡಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿದಳು. ಕಂಪ್ಯೂಟರಿನಲ್ಲಿ ದನಿಯನ್ನು ಹಿಗ್ಗಿಸುವ ಒಂದು ಬಟನ್ ಇತ್ತು, ಒತ್ತಿದಳು. ತೆಳುವಾಗಿದ್ದ ದನಿ ಒಮ್ಮೆಲೇ ತಲೆಯ ಸುತ್ತ ತುಂಬಿಕೊಂಡಿತು. ಆಮೇಲೆ ಬಾಗಿಲು ಹಾಕಿ ಬಂದು, ಮೈಕಿನ ಮುಂದೆ ತಾನೇ ನಿಂತು, ಇಡೀ ಹಾಡನ್ನು ಕೆಳಸ್ಥಾಯಿಯಲ್ಲಿ ಹಾಡಿದಳು. ಆ ದನಿಯನ್ನು ಮೆತ್ತಗೆ ನಡುವೆ ಇಟ್ಟಳು. ಇಳಿದ ಸಾಲಿಗೆ ಕೆಳಗಿನಿಂದ ಆಸರೆ ಸಿಕ್ಕಿತು. ಮೇಲಿನದು ಅಕ್ಕನದೇ, ಕೆಳಗಿನದು ಯಾರಿಗೂ ತಿಳಿಯುವುದಿಲ್ಲ. ಗೋಡೆಯೊಳಗಿನ ಇಟ್ಟಿಗೆಯನ್ನು ಯಾರು ನೋಡುತ್ತಾರೆ?

ಹೆಡ್‌ಫೋನಿನಲ್ಲಿ ಕೇಳಿದಳು, ಸೊಗಸಾಗಿತ್ತು. ಮೇಜಿನ ಸ್ಪೀಕರುಗಳಲ್ಲಿ ಕೇಳಿದಳು, ಅಲ್ಲೂ ಸೊಗಸು. ಭಾವನ ವ್ಯಾನಿನಲ್ಲಿ ಹಾಕಿಸಿದಳು. ಅವನು ಹಿಂದಿನ ಸೀಟಿಗೆ ಹತ್ತಿ ಕೂತು, ಕಣ್ಣು ಮುಚ್ಚಿ, "ನನ್ನ ಹೆಂಡತಿ ಎರಡೂ ಬಾಗಿಲಿಂದ ಬೈತಾ ಇರೋ ಹಾಗಿದೆ. ಅಂದ್ರೆ ಚೆನ್ನಾಗಿದೆ," ಎಂದ.

ಕೊನೆಗೆ ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ತನ್ನ ಫೋನಿನಲ್ಲೂ ಒಮ್ಮೆ ಹಾಕಿದಳು. ಪಕ್ಕದಲ್ಲಿ ಉಜ್ಜುವ ಮೋಟಾರು ಗುಂಯ್‌ಗುಡುತ್ತಿತ್ತು. ಫೋನಿನ ತಳದ ಪುಟ್ಟ ತೂತಿನಿಂದ ವಾದ್ಯಗಳು ಬಂದವು, ಅವಳ ಕೆಳದನಿ ಸ್ಪಷ್ಟವಾಗಿ ಬಂತು, ಅಕ್ಕನದು ಎಲ್ಲೋ ದೂರದಲ್ಲಿ ಮಸುಕಾಗಿ ಬಂತು. ಅಗ್ಗದ ಫೋನು, ಅದಕ್ಕೇನು ಗೊತ್ತು ಎಂದುಕೊಂಡಳು. ಹಾಗೆಂದುಕೊಂಡೇ ಇನ್ನೊಮ್ಮೆ ಹಾಕಿದಳು. ಮತ್ತೆ ಇನ್ನೆರಡು ಸಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಅಕ್ಕ ಇನ್ನೂ ಕೇಳಿರದ ಹಾಡನ್ನು ತೆಗೆದುಕೊಂಡು ತಂಗಿಯೂ ಆಸ್ಪತ್ರೆಗೆ ಹೋದಳು. ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ಲಾಂಡ್ರಿಯವರು, ವಾರ್ಡಿನವರು, ಒಬ್ಬಿಬ್ಬರು ಡಾಕ್ಟರೂ ಸೇರಿ ಎಪ್ಪತ್ತು ಎಂಬತ್ತು ಜನ. ಹಿರಿಯಮ್ಮ ಹೊಸ ಚಪ್ಪಲಿ ಹಾಕಿಕೊಂಡು, ಅದು ಕಚ್ಚುತ್ತಿದ್ದರೂ ನಗುತ್ತಾ, ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಅಕ್ಕ ಎದ್ದು ನಿಂತು, ಒಡೆದ ಗಂಟಲಿನಲ್ಲೇ ಎರಡು ಮಾತಾಡಿದಳು. "ಈ ಹಾಡು ನಾನೇ ಕಟ್ಟಿದ್ದು, ನಾನೇ ಹಾಡಿದ್ದು. ಹಿರಿಯಮ್ಮನಿಗೆ. ರೆಕಾರ್ಡ್ ಮಾಡಿದ್ದು ನನ್ನ ತಂಗಿ." ಚಪ್ಪಾಳೆ ಬಿತ್ತು. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಗುಂಡಿ ಒತ್ತಿದ. ಚಾವಣಿಯಲ್ಲಿದ್ದ ದುಂಡನೆಯ ಸ್ಪೀಕರುಗಳಿಂದ ಹಾಡು ಶುರುವಾಯಿತು.

ವಾದ್ಯ ಮುಗಿದು ದನಿ ಬರುವ ಜಾಗದಲ್ಲಿ ಅಕ್ಕನ ದನಿ ಬರಲಿಲ್ಲ.

ಬಂದದ್ದು ತಂಗಿಯದು. ಮೆತ್ತಗೆ ಇಟ್ಟಿದ್ದ ಕೆಳದನಿ ಈಗ ಒಂಟಿಯಾಗಿ, ತುಂಬಿಕೊಂಡು, ಚಾವಣಿಯ ಅಷ್ಟೂ ಸ್ಪೀಕರುಗಳಿಂದ ಇಳಿಯತೊಡಗಿತು. ಅಕ್ಕನದೆನ್ನುವುದು ಬಾವಿಯ ತಳದ ಗುಂಯ್‌ಕಾರದಷ್ಟೇ ಉಳಿದಿತ್ತು. ತಂಗಿಗೆ ಎದ್ದು ಓಡಿ ನಿಲ್ಲಿಸಬೇಕೆನಿಸಿತು, ಆದರೆ ಅಷ್ಟು ಜನರ ನಡುವೆ ಏಳಲಾಗಲಿಲ್ಲ. ಅಕ್ಕ ಮೊದಲು ಚಾವಣಿ ನೋಡಿದಳು. ಆಮೇಲೆ ಎಲೆಕ್ಟ್ರಿಷಿಯನ್ನನನ್ನು ನೋಡಿದಳು. ಆಮೇಲೆ ತಂಗಿಯನ್ನು ನೋಡಿದಳು, ಮತ್ತೆ ಹಾಡು ಮುಗಿಯುವವರೆಗೂ ಬೇರೆ ಎಲ್ಲಿಗೂ ನೋಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಇದು ಇವಳ ದನಿ ಅಲ್ವಲ್ಲೇ?" ಎಂದು ಪಿಸುಗುಟ್ಟಿದರು. ಇನ್ಯಾರೋ "ಶ್" ಎಂದರು. ನಾಲ್ಕು ನಿಮಿಷದ ಹಾಡು.

ಮುಗಿದಾಗ ಹಿರಿಯಮ್ಮ ಕಣ್ಣೊರೆಸಿಕೊಂಡು ಅಕ್ಕನ ಎರಡೂ ಕೈ ಹಿಡಿದಳು. "ಎಷ್ಟು ಚೆನ್ನಾಗಿ ಹಾಡಿದ್ದೀಯೇ! ನಿನ್ನ ದನಿ ಇಷ್ಟು ಗಂಭೀರ ಅಂತ ನನಗೆ ಗೊತ್ತೇ ಇರಲಿಲ್ಲ." ಅಕ್ಕ ನಕ್ಕಳು. ಆ ನಗೆಯನ್ನು ನೋಡಲಾರದೆ ತಂಗಿ ತಲೆ ತಗ್ಗಿಸಿದಳು.

ಹಿಂದಿನ ಮೆಟ್ಟಿಲ ಬಳಿ, ಮಾಸಿದ ಬಟ್ಟೆಯ ಗಾಡಿಗಳು ಸಾಲಾಗಿ ನಿಂತಿದ್ದ ಜಾಗದಲ್ಲಿ, ಅಕ್ಕ ಅವಳನ್ನು ತಡೆದಳು.

"ಯಾವಾಗ ಹಾಡಿದೆ ನೀನು?"

"ಅಕ್ಕಾ, ಅದು ಬರೀ ಆಸರೆಗೆ ಅಂತ... ನಿನ್ನ ದನಿ ಹೋಗಿದ್ದು ಯಾಕೆ ಅಂತ ನನಗೂ ಗೊತ್ತಿಲ್ಲ. ನಮ್ಮ ಮನೇಲಿ ಸರಿಯಾಗೇ..."

"ನಾನು ಕೇಳಿದ್ದು ಯಾವಾಗ ಹಾಡಿದೆ ಅಂತ."

"ನೀನು ಹೋದ ಮೇಲೆ."

ಅಕ್ಕ ತಲೆಯಾಡಿಸಿದಳು. ಕೂಗಾಡಲಿಲ್ಲ, ಕೂಗಲು ಗಂಟಲೂ ಇರಲಿಲ್ಲ. "ನಾನೇ ಹಾಡಿದ್ದು ಅಂತ ಅಷ್ಟು ಜನರ ಮುಂದೆ ಹೇಳಿದೆ ಕಣೇ. ನನ್ನ ಹಾಡಲ್ಲಿ ನನ್ನನ್ನೇ ಗುಡಿಸಿ ಆಚೆ ಹಾಕಿದೆಯಲ್ಲ," ಎಂದು ಹೇಳಿ, ಒಂದು ಗಾಡಿಯನ್ನು ತಳ್ಳಿಕೊಂಡು ಒಳಗೆ ಹೋದಳು. ಅವಳ ಪಾಳಿ ಇನ್ನೂ ಮುಗಿದಿರಲಿಲ್ಲ.

ಆ ಭಾನುವಾರ ಅಕ್ಕ ಬರಲಿಲ್ಲ. ಫೋನು ಎತ್ತಲಿಲ್ಲ. ತಂಗಿ ಲ್ಯಾಬಿನಲ್ಲಿ ಒಂದೇ ವಾರದಲ್ಲಿ ಎರಡು ಸೆಟ್ ಹಲ್ಲು ಕೆಡಿಸಿದಳು. ಮಾಲೀಕರು ಬೈಯಲಿಲ್ಲ, ಕನ್ನಡಕ ತೆಗೆದು ಅವಳನ್ನೇ ನೋಡಿದರು, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಮನೆಯಲ್ಲಿ ಹಾಡನ್ನು ಮತ್ತೆ ಮತ್ತೆ ಹಾಕಿದಳು. ಹೆಡ್‌ಫೋನಿನಲ್ಲಿ ಅಕ್ಕ ಇದ್ದಳು. ಸ್ಪೀಕರಿನಲ್ಲಿ ಇದ್ದಳು. ಅಡುಗೆಮನೆಯ ಪುಟ್ಟ ರೇಡಿಯೋಗೆ ತಂತಿ ಸಿಕ್ಕಿಸಿದರೆ ಇರಲಿಲ್ಲ. ಒಂದೇ ಹಾಡು ಒಂದು ಕಡೆ ಹೇಳಿದ್ದನ್ನು ಇನ್ನೊಂದು ಕಡೆ ನುಂಗುತ್ತಿತ್ತು.

ತಡೆಯಲಾರದೆ ಎರಡನೇ ವಾರ ಆ ಎಲೆಕ್ಟ್ರಿಷಿಯನ್ನನನ್ನೇ ಹುಡುಕಿಕೊಂಡು ಹೋದಳು. ಅಕ್ಕನ ಪಾಳಿ ಇಲ್ಲದ ಹೊತ್ತು ನೋಡಿಯೇ ಹೋಗಿದ್ದಳು. ನಡುವಯಸ್ಸಿನ ಮನುಷ್ಯ, ಕಿವಿಯ ಮೇಲೊಂದು ಪೆನ್ಸಿಲ್ಲು. ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟುಗಳ ನಡುವೆ ಕೂತು ಅವಳ ಮಾತನ್ನೆಲ್ಲ ಕೇಳಿದ.

"ನನ್ನ ಮೆಷಿನ್ನಿಗೆ ಬೈಬೇಡಿ ಅಮ್ಮ. ಅದಕ್ಕೆ ಎಡ ಬಲ ಗೊತ್ತಿಲ್ಲ," ಎಂದ. "ಎರಡನ್ನೂ ಕಲಸಿ ಒಂದೇ ತಂತೀಲಿ ಎಲ್ಲಾ ಸ್ಪೀಕರಿಗೂ ಕಳಿಸುತ್ತೆ. ನೀವು ದನಿಯನ್ನ ಅಗಲ ಮಾಡೋಕೆ ಏನಾದ್ರೂ ಒತ್ತಿದ್ರಾ?"

"ಒತ್ತಿದ್ದೆ."

"ಮತ್ತೆ ಇನ್ನೇನು! ಅಂಥ ಕೆಲವು ಗುಂಡಿಗಳು ಒಂದು ಕಡೆಯ ದನಿಯನ್ನ ಉಲ್ಟಾ ಮಾಡ್ತವೆ. ಬೇರೆ ಬೇರೆ ಸ್ಪೀಕರಿಂದ ಬಂದ್ರೆ ಕಿವಿಗೆ ಅಗಲ ಅನ್ಸುತ್ತೆ. ಒಂದಕ್ಕೊಂದು ಸೇರಿಸಿದ್ರೆ..." ಅವನು ಎದ್ದು ಬಾಗಿಲ ಬಳಿ ಹೋದ. "ಬನ್ನಿ, ಆ ಕಡೆಯಿಂದ ತಳ್ಳಿ. ನಾನು ಈ ಕಡೆಯಿಂದ ಅಷ್ಟೇ ಜೋರಾಗಿ ತಳ್ತೀನಿ."

ಇಬ್ಬರೂ ತಳ್ಳಿದರು. ಬಾಗಿಲು ಅಲ್ಲಾಡಲಿಲ್ಲ.

"ನೋಡಿದ್ರಾ? ನೀವೂ ಇದ್ದೀರಿ, ನಾನೂ ಇದ್ದೀನಿ. ಕೆಲಸ ಮಾತ್ರ ಸೊನ್ನೆ. ನಡುವೆ ಇಟ್ಟಿದ್ದ ದನಿ ಒಂದೇ ಉಳೀತು."

ದಾರಿಯಲ್ಲಿ ಬರುವಾಗ ಅವಳ ಮನಸ್ಸು ಹಗುರಾಯಿತು. ತಪ್ಪು ಒಂದು ಬಟನ್ನಿನದು! ಅಂದೇ ಸಂಜೆ ಭಾವನನ್ನು ಕರೆಸಿ ಬಾಗಿಲು ತಳ್ಳಿ ತೋರಿಸಿ ಎಲ್ಲವನ್ನೂ ವಿವರಿಸಿದಳು. "ಅಕ್ಕನಿಗೆ ಹೇಳಿ ಭಾವ, ನಾನು ಬೇಕಂತ ಮಾಡಿದ್ದಲ್ಲ." ಭಾವ ತಲೆ ಕೆರೆದುಕೊಂಡು, "ಬಾಗಿಲಿನ ಕಥೆ ನನಗೆ ಅರ್ಥ ಆಯ್ತು. ನಿಮ್ಮಿಬ್ಬರ ಕಥೆ ಯಾವತ್ತೂ ಆಗಿಲ್ಲ. ಹೇಳಿ ನೋಡ್ತೀನಿ," ಎಂದು ಹೋದ.

ಮರುದಿನ ಅವನೇ ಫೋನು ಮಾಡಿದ. ದನಿ ತಗ್ಗಿಸಿ ಮಾತಾಡುತ್ತಿದ್ದ. "ಹೇಳಿದೆ ಕಣಮ್ಮ. ಪೂರ್ತಿ ಕೇಳಿದಳು. ಆಮೇಲೆ, 'ಆ ಎರಡನೇ ದನಿಯನ್ನೂ ಬಟನ್ನೇ ಹಾಡಿತಾ ಕೇಳಿ' ಅಂದಳು."

ತಂಗಿಯ ಬಳಿ ಉತ್ತರ ಇತ್ತು, ಅದು ಬಿಸಿ ತುತ್ತಿನಂತೆ, ನುಂಗಲೂ ಆಗದೆ ಉಗುಳಲೂ ಆಗದೆ ಬಾಯಲ್ಲಿತ್ತು. ಅವಳು ಆ ಫೋನನ್ನೇ ನೋಡುತ್ತಾ ಕೂತಳು. ಇದೇ ಫೋನು, ಲ್ಯಾಬಿನ ಊಟದ ಬಿಡುವಿನಲ್ಲಿ, ನಿಜ ಹೇಳಿತ್ತು. ಅಗ್ಗದ್ದು ಎಂದು ತಳ್ಳಿಹಾಕಿದ್ದವಳು ತಾನು. ತಳ್ಳಿಹಾಕಿದ ಮೇಲೆ ಮತ್ತೆ ಮೂರು ಸಲ ಹಾಕಿದ್ದು ಯಾಕೆ?

ಮೂರನೇ ಭಾನುವಾರದ ಬೆಳಿಗ್ಗೆ ಅವಳು ಹಾಡನ್ನು ಬಿಚ್ಚಿ ಮತ್ತೆ ಜೋಡಿಸಿದಳು. ಹಿಗ್ಗಿಸಿದ್ದನ್ನು ತೆಗೆದಳು. ಅಕ್ಕನ ದನಿಯನ್ನು ಒಂದೇ ಪ್ರತಿಯಾಗಿ ನಟ್ಟನಡುವೆ ತಂದು ನಿಲ್ಲಿಸಿದಳು. ತನ್ನದನ್ನು ಅದರಿಂದ ಬಿಡಿಸಿ ಬೇರೆ ಇಟ್ಟಳು. ದನಿ ತೆಳುವಾಗಿತ್ತು, ಎರಡನೇ ಚರಣದಲ್ಲಿ ಇಳಿದಿತ್ತು, ಆದರೆ ಎಲ್ಲದರಲ್ಲೂ ಇತ್ತು: ಹೆಡ್‌ಫೋನಿನಲ್ಲಿ, ರೇಡಿಯೋದಲ್ಲಿ, ಫೋನಿನಲ್ಲಿ. ಅದನ್ನು ತೆಗೆದುಕೊಂಡು ಅಕ್ಕನ ಮನೆಗೆ ಹೋದಳು.

ಅಕ್ಕ ಊಟದ ಮೇಜಿನ ಮೇಲೆ ಹೊದಿಕೆ ಹಾಸಿ ಇಸ್ತ್ರಿ ಮಾಡುತ್ತಿದ್ದಳು. ವಾರವೆಲ್ಲ ಬಟ್ಟೆಯಲ್ಲೇ ಮುಳುಗಿದವಳು ಮನೆಯಲ್ಲಿ ಇಸ್ತ್ರಿ ಮುಟ್ಟುವುದು ಕೋಪ ಬಂದಾಗ ಮಾತ್ರ. ಬುಟ್ಟಿ ಖಾಲಿಯಾಗಿತ್ತು, ಅಡುಗೆಮನೆಯ ಕೈವಸ್ತ್ರಗಳನ್ನೂ ಬಿಟ್ಟಿರಲಿಲ್ಲ. ಭಾವ ಅವಳನ್ನು ಕಂಡವನೇ, ವ್ಯಾನಿಗೆ ಗಾಳಿ ಹಾಕಿಸಬೇಕೆಂದು ಹೇಳಿ ಜಾಗ ಖಾಲಿ ಮಾಡಿದ.

"ಕೇಳು," ಎಂದು ತಂಗಿ ಫೋನನ್ನು ಮೇಜಿನ ಮೇಲಿಟ್ಟಳು.

ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟು ಕೇಳಿದಳು. ಎರಡನೇ ಚರಣ ಬಂದಾಗ ಅವಳ ಹುಬ್ಬು ಗಂಟಿಕ್ಕಿತು.

"ಇಳಿದಿದ್ದೀನಿ."

"ಹೂಂ."

"ಆವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ಹೇಳೋಕೆ ಭಯ ಆಯ್ತು."

"ನನ್ನ ಮುಂದೆ ತಿದ್ದೋಕೆ ಭಯ, ಬೆನ್ನ ಹಿಂದೆ ತಿದ್ದೋಕೆ ಭಯ ಇಲ್ಲ," ಎಂದಳು ಅಕ್ಕ. ಒಂದು ಕೈವಸ್ತ್ರವನ್ನು ಎತ್ತಿ ನಾಲ್ಕು ಮಡಿಕೆ ಮಾಡಿದಳು. "ಸರಿ. ಹಾಡು ಸರಿ ಆಯ್ತಲ್ಲ. ಹೋಗು ಇನ್ನು."

ತಂಗಿ ಹೋಗಲಿಲ್ಲ. "ಇನ್ನೊಂದು ಇದೆ," ಎಂದಳು. "ಶುಕ್ರವಾರಕ್ಕೆ ಮುಂಚೇನೇ ಈ ಫೋನಲ್ಲಿ ಕೇಳಿದ್ದೆ. ನೀನು ಸರಿಯಾಗಿ ಕೇಳಿಸ್ತಿರಲಿಲ್ಲ. ನಾನು ಕೇಳಿಸ್ತಿದ್ದೆ. ನಾಲ್ಕು ಸಲ ಹಾಕ್ಕೊಂಡು ಕೇಳಿದೆ ಅಕ್ಕ. ಫೋನು ಸರಿಯಿಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ನಾಲ್ಕು ಸಲ ಯಾಕೆ ಕೇಳಿದೆ ಅಂದ್ರೆ... ಚೆನ್ನಾಗಿತ್ತು. ನನ್ನ ದನಿ."

ಇಸ್ತ್ರಿ ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತಾ ಆರುತ್ತಿತ್ತು.

"ಹಾಗಾದ್ರೆ ಗೊತ್ತಿತ್ತು ನಿನಗೆ."

"ಪೂರ್ತಿ ಗೊತ್ತಿರಲಿಲ್ಲ. ಗೊತ್ತು ಮಾಡ್ಕೋಬಾರದು ಅಂತ ಇತ್ತು ಅನ್ಸುತ್ತೆ."

ಅಕ್ಕ ಕುರ್ಚಿ ಎಳೆದು ಕೂತಳು. ಬೀದಿಯಲ್ಲಿ ಯಾರೋ ಬೈಕ್ ಶುರು ಮಾಡಲು ಒದೆಯುತ್ತಲೇ ಇದ್ದರು. ಅದು ಶುರುವಾಗಲೇ ಇಲ್ಲ.

"ನಿನ್ನದು ಮಾತ್ರ ಇರೋದು ಇದೆಯಾ?" ಎಂದು ಕೇಳಿದಳು ಕೊನೆಗೆ. "ಹಾಕು."

"ಬೇಡ ಅಕ್ಕ."

"ಹಾಕು ಅಂದೆ."

ಫೋನಿನಲ್ಲಿ ಅದೂ ಇತ್ತು. ತಂಗಿ ಹಾಕಿದಳು. ಅಕ್ಕ ಮೊದಲಿನಿಂದ ಕೊನೆಯವರೆಗೂ ಕೇಳಿದಳು, ಒಂದು ಸಾಲೂ ಬಿಡದೆ. ಮುಗಿದ ಮೇಲೆ ತನ್ನ ಅಂಗೈ ನೋಡಿಕೊಳ್ಳುತ್ತಾ ಹೇಳಿದಳು: "ನನಗೆ ಹಾಡು ಕಲಿಸ್ತಿದ್ದ ಮೇಷ್ಟ್ರು ಒಂದು ಸಲ ಅಮ್ಮನ್ನ ಕೇಳಿದ್ರು. ಚಿಕ್ಕವಳಿಗೂ ಕಂಠ ಇದೆ, ಕಳಿಸಿ ಅಂತ. ಅಮ್ಮ, 'ಇಬ್ಬರೂ ಹಾಡ್ತಾ ಕೂತ್ರೆ ಮನೆಕೆಲಸ ಯಾರು ಮಾಡ್ತಾರೆ, ಒಬ್ಬಳು ಸಾಕು' ಅಂದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಒಳಗೆ ಹೋಗಿ, ಅವಳಿಗೂ ಆಸೆ ಇದೆ ಅಂತ ಹೇಳಬಹುದಿತ್ತು. ಹೇಳಲಿಲ್ಲ."

"ನೀನೂ ಚಿಕ್ಕವಳೇ ಆಗ."

"ಹದಿಮೂರು. ಅಷ್ಟು ಚಿಕ್ಕವಳೇನಲ್ಲ. ಒಳಗೊಳಗೆ ಖುಷಿಯಾಗಿತ್ತು. ಅದೂ ನೆನಪಿದೆ."

ತಂಗಿ ಏನೋ ಹೇಳಹೋದಳು. ಅಕ್ಕ ಕೈಯೆತ್ತಿ ತಡೆದಳು. "ಅದಕ್ಕೂ ಇದಕ್ಕೂ ವಜಾ ಮಾಡೋಕೆ ಹೇಳಿದ್ದಲ್ಲ. ನನಗೆ ಕೋಪ ಇನ್ನೂ ಇದೆ. ಹಿರಿಯಮ್ಮ ನನ್ನ ಕೈ ಹಿಡಿದು ನಿನ್ನನ್ನ ಹೊಗಳಿದ್ದು ನಾನು ಸಾಯೋವರೆಗೂ ಮರೆಯಲ್ಲ. ಮುಂದಿನ ಭಾನುವಾರ ಬರ್ತೀನಿ. ಎರಡನೇ ಚರಣ ಮತ್ತೆ ಹಾಡ್ತೀನಿ. ತಪ್ಪಿದ್ರೆ ಅಲ್ಲೇ, ಮುಖದ ಮೇಲೆ ಹೇಳು. ನಿನ್ನ ದನಿ ಹಾಕ್ತೀಯಾ, ಹಾಕು. ಆದ್ರೆ ನನಗೆ ಹೇಳಿ ಹಾಕು, ನಾನು ಇದ್ದಾಗ ಹಾಕು."

ಹೇಳಿದಂತೆ ಬಂದಳು. ಆ ಒಂದು ಸಾಲನ್ನು ಒಂಬತ್ತು ಸಲ ಹಾಡಿದಳು. ಒಂಬತ್ತು ಸಲವೂ ತಂಗಿ "ಇಳಿಯಿತು," "ಇನ್ನೂ ಇಳಿಯಿತು," ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಪ್ರತಿ ಸಲವೂ ಇಬ್ಬರ ಮುಖವೂ ಕೆಂಪಾಯಿತು. ಹತ್ತನೆಯ ಸಲ ಅಕ್ಕ ಶ್ರುತಿಯನ್ನೇ ಅರ್ಧ ಸ್ವರ ಇಳಿಸಲು ಹೇಳಿದಳು. "ವಯಸ್ಸಾಯ್ತು. ಒಪ್ಪಿಕೊಂಡ್ರೆ ಮುಗೀತು," ಎಂದು ಗೊಣಗಿ, ಮೊದಲಿನಿಂದ ಹಾಡಿದಳು. ಈ ಸಲ ಸಾಲು ನಿಂತಿತು. ತಂಗಿ ಕೆಳದನಿ ಹಾಡುವಾಗ ಅವಳು ಮಂಚದ ತುದಿಯಲ್ಲಿ ಕೂತು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಷ್ಟು ಕಷ್ಟಪಟ್ಟು ತಂಗಿ ಯಾವತ್ತೂ ಹಾಡಿರಲಿಲ್ಲ.

ಹೊಸ ಹಾಡನ್ನು ಫೋನಿನಲ್ಲಿ, ರೇಡಿಯೋದಲ್ಲಿ, ವ್ಯಾನಿನಲ್ಲಿ ಹಾಕಿ ನೋಡಿದರು. ಎಲ್ಲ ಕಡೆಯೂ ಅಕ್ಕ ಮುಂದೆ, ತಂಗಿ ಅವಳ ಹಿಂದೆ. ಹಿರಿಯಮ್ಮನಿಗೂ ಲಾಂಡ್ರಿಯ ಎಲ್ಲರಿಗೂ ಕಳಿಸಿದರು. ಹಿರಿಯಮ್ಮನಿಂದ ಸಂಜೆ ಉತ್ತರ ಬಂತು: ಚೆನ್ನಾಗಿದೆ, ಆದರೆ ಕ್ಯಾಂಟೀನಿನಲ್ಲಿ ಹಾಕಿದ ಆ ಇನ್ನೊಂದು ಹಾಡನ್ನು ಕಳಿಸುತ್ತೀಯಾ?

ಅಕ್ಕ ಅದನ್ನು ಓದಿ ತಂಗಿಯ ಮುಂದೆ ಫೋನು ಹಿಡಿದಳು. "ಏನಂತ ಬರೀಲಿ?"

ತಂಗಿ ಅದನ್ನು ಎರಡು ಸಲ ಓದಿದಳು.

"ಲಾಂಡ್ರೀಲಿ ಮಡಿಸೋ ಮೇಜಿನ ಹತ್ತಿರ ಎಲ್ಲರೂ ಈ ಹಾಡು ಗುನುಗ್ತಾರೆ ಗೊತ್ತಾ?" ಎಂದಳು ಅಕ್ಕ. "ನನ್ನ ಧಾಟಿ ಅಲ್ಲ. ನಿನ್ನ ಕೆಳಧಾಟಿ. ಅವರಿಗೆ ಗೊತ್ತಿರೋದು ಅದೇ." ಹೇಳುತ್ತಾ ನಗಲು ಶುರು ಮಾಡಿದಳು. ಆ ನಗೆ ಅರ್ಧಕ್ಕೇ ನಿಂತಿತು. ಆಮೇಲೆ ಚೀಲ ಹೆಗಲಿಗೇರಿಸಿ, ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟುತ್ತಾ, "ಹಳೇದನ್ನ ಅಳಿಸಬೇಡ. ಹಿರಿಯಮ್ಮನಿಗೆ ಕಳಿಸು. ಯಾರು ಹಾಡಿದ್ದು ಅಂತ ನಾನೇ ಹೇಳ್ತೀನಿ," ಎಂದಳು.